ನಾಲ್ಕನೇ ನಂಬರಿನ ಮುದುಕಿ

ಸೆಪ್ಟೆಂಬರ್ 14, ಸೋಮವಾರ

ಮುದುಕಿ ಇವತ್ತು ಮತ್ತೆ ಹಟ ಹಿಡಿದಳು. ನಮ್ಮ ಮೇವಿನ ಕಾರ್ಖಾನೆಯಲ್ಲಿ ಸರಕು ತುಂಬಿಡುವ ನಾಲ್ಕನೇ ನಂಬರಿನ ಗೋಪುರವನ್ನು, ಸೈಲೋವನ್ನು, ನಾವೆಲ್ಲ ಕರೆಯುವುದು ಹಾಗೆ. ಉಳಿದ ಮೂರರಲ್ಲಿ ಜೋಳ, ಗೋಧಿ. ಗೇಟು ತೆಗೆದರೆ ಸಾಕು, ತಾವಾಗಿ ಇಳಿಯುತ್ತವೆ. ಇವಳ ಹೊಟ್ಟೆಯಲ್ಲಿರುವುದು ಸೋಯಾ ಹಿಂಡಿ. ಹಿಂಡಿಯ ಜಿಡ್ಡಿಗೆ ತೀಸಾ ನದಿಯ ತೇವ ಸೇರಿಕೊಂಡರೆ ಮುಗಿಯಿತು. ಕೆಳಗೆ ಆಲಿಕೆಯ ಬಾಯಿ ಹತ್ತಿರ ಕಮಾನು ಕಟ್ಟಿಕೊಂಡು ಕೂತುಬಿಡುತ್ತದೆ. ಮೇಲೆ ಗುಡ್ಡದಷ್ಟು ಸರಕು, ಕೆಳಗೆ ಒಂದು ಹಿಡಿಯೂ ಇಲ್ಲ. ಅಂಗಳದಲ್ಲಿ ಕೋಳಿ ಫಾರಂಗಳ ಲಾರಿಗಳು ಸಾಲು ನಿಂತು ಹೊಗೆ ಬಿಡುತ್ತಿದ್ದವು.

ಸುತ್ತಿಗೆ ಹಿಡಿದು ಆಲಿಕೆಯ ಸುತ್ತ ಬಡಿಯುತ್ತ ಹೋದೆ. ತುಂಬಿದ ಜಾಗ ದಪ್ಪನೆ ಸದ್ದು ಕೊಡುತ್ತದೆ, ಟೊಳ್ಳು ಜಾಗ ಠಣ್ ಅನ್ನುತ್ತದೆ. ಈ ಕಾರ್ಖಾನೆಯಲ್ಲಿ ಅದು ತಿಳಿಯುವುದು ನನ್ನೊಬ್ಬನ ಕಿವಿಗೆ. ಒಳಗೆ ಟೊಳ್ಳಿದ್ದರೆ ಮೇಲಿನಿಂದ ಯಾರೂ ಇಳಿಯುವ ಹಾಗಿಲ್ಲ. ಕಾಲಡಿಯ ಹೆಪ್ಪು ಕುಸಿದರೆ ಹಿಂಡಿಯೊಳಗೆ ಮುಳುಗಿ ಉಸಿರು ಕಟ್ಟಿ ಸಾಯುತ್ತಾರೆ. ನಾನು "ಭರ್ತಿ" ಎಂದ ಮೇಲೆಯೇ ಮೇಸ್ತ್ರಿ ಗಾವ್ರಿಲೊ ಸೊಂಟಕ್ಕೆ ಹಗ್ಗ ಕಟ್ಟಿ, ಗಳ ಹಿಡಿದು, ಇರಿದು ಕೆಡವಲು ಇಳಿಯುವುದು. ಮೇಲೆ ರಾಟೆ ಹಿಡಿಯುವವನೂ ನಾನೇ. ನಮ್ಮಿಬ್ಬರಿಗೂ ಕೂದಲು ಕಪ್ಪಿದ್ದಾಗಿನಿಂದ ಹೀಗೇ ನಡೆದಿದೆ.

ಇವತ್ತು ಇಳಿಯುವ ಮುಂಚೆ ಅವನೊಂದು ಕಬ್ಬಿಣದ ಗುಂಡನ್ನು ದಾರಕ್ಕೆ ಕಟ್ಟಿ, ಮೇಲಿನ ಕಿಂಡಿಯಿಂದ ಇಳಿಬಿಟ್ಟು ಹೆಪ್ಪಿನ ಮೇಲೆ ಕುಟ್ಟಿ ಕುಟ್ಟಿ ನೋಡಿದ. ಬೇಸಿಗೆಯಿಂದ ಶುರುವಾದ ಹೊಸ ಚಾಳಿ.

"ಏನೋ ಕೂಮ, ನನ್ ಮಾತು ಸಾಲ್ದಾ?" ಎಂದೆ.

ಏನೋ ಗೊಣಗಿದ. ವಯಸ್ಸಾದಂತೆ ಪುಕ್ಕಲನಾಗುತ್ತಿದ್ದಾನೆ. ನನ್ನ ಮದುವೆಗೆ ಸಾಕ್ಷಿ ನಿಂತವನು ಅವನು. ಅವನ ಮಗಳಿಗೆ ನೀರು ಹಾಕಿ ಹೆಸರಿಟ್ಟವನು ನಾನು. ಅದಕ್ಕೇ ಕೂಮ ಅನ್ನುವುದು. ಅಣ್ಣತಮ್ಮಂದಿರು ಜಗಳವಾಡಿದರೆ ಊರು ಕೇಳುವುದಿಲ್ಲ, ಕೂಮರು ಆಡಿದರೆ ಕೇಳುತ್ತದೆ. ಹಾಗಾಗಿ ಸುಮ್ಮನಾದೆ.

ಸೆಪ್ಟೆಂಬರ್ 22, ಮಂಗಳವಾರ

ಟಿವಿಯನ್ನು ರಿಪೇರಿಗೆ ಹೊತ್ತೊಯ್ದೆ. ಸದ್ದೇ ಬರುವುದಿಲ್ಲ. ಅಂಗಡಿಯವನು ಅದೇನೋ ಒತ್ತಿದ. ಅಲ್ಲಿದ್ದ ಹೆಂಗಸೊಬ್ಬಳು ಬೆಚ್ಚಿ ತಿರುಗಿ ನೋಡಿದಳು. "ಚೆನ್ನಾಗೇ ಇದೆಯಲ್ಲ ಯಜಮಾನ್ರೇ" ಎಂದ. ಈಗಿನ ಹುಡುಗರಿಗೆ ಕೆಲಸ ಬೇಡ, ಸುಮ್ಮನೆ ಸಾಗಹಾಕುತ್ತಾರೆ. ಮತ್ತೆ ಹೊತ್ತು ತಂದೆ. ಬೆನ್ನು ನೋವು.

ನನ್ನ ಹೆಂಡತಿ ಡೆಸಾಂಕಾ ಇದ್ದಿದ್ದರೆ ಆ ಅಂಗಡಿಯವನ ಜನ್ಮ ಜಾಲಾಡಿಬಿಡುತ್ತಿದ್ದಳು. ಅವಳು ಹೋದ ಮೇಲೆ ಈ ಮನೆಯಲ್ಲಿ ಒಂದು ಲೋಟ ಬಿದ್ದ ಸದ್ದೂ ಇಲ್ಲ.

ಅಕ್ಟೋಬರ್ 2, ಶುಕ್ರವಾರ

ಮುದುಕಿಗೆ ವೈಬ್ರೇಟರ್ ಹಾಕಿಸುತ್ತಾರಂತೆ! ಆಲಿಕೆಗೆ ಒಂದು ಮೋಟಾರು ಬಿಗಿಯುವುದಂತೆ, ಅದು ಗಡಗಡ ನಡುಗಿಸುವುದಂತೆ, ಹಿಂಡಿ ತಾನಾಗಿ ಇಳಿಯುವುದಂತೆ. ಸುತ್ತಿಗೆ ಬೇಡ, ಯಾರೂ ಒಳಗೆ ಇಳಿಯುವುದೂ ಬೇಡ.

ಇದು ಡೈರೆಕ್ಟರನ ತಲೆಗೆ ಹೊಳೆದದ್ದಲ್ಲ. ಕ್ಯಾಂಟೀನಿನಲ್ಲಿ ಹುರುಳಿಕಾಯಿ ಸಾರು ತಿನ್ನುತ್ತಿದ್ದಾಗ ಗಾವ್ರಿಲೊ ನನ್ನ ಮುಖದ ಹತ್ತಿರಕ್ಕೇ ಬಗ್ಗಿ, ಜಾತ್ರೆಯಲ್ಲಿ ಕೂಗುವವನ ಹಾಗೆ ಹೇಳಿದ: "ನಾನೇ ಕೇಳ್ದೆ ಕಣೋ ತೋಶಾ. ಎರಡು ಸಲ ಹೋಗಿ ಡೈರೆಕ್ಟರ್ ಕೈಕಾಲು ಹಿಡ್ಕೊಂಡೆ. ಸಾಕು ನಮ್ಮಿಬ್ರಿಗೂ ಈ ಕೆಲ್ಸ."

"ನಿಂಗೆ ಸಾಕಾದ್ರೆ ನೀನು ಬಿಡು. ನನ್ ಅನ್ನಕ್ಕೆ ಯಾಕೆ ಕೈ ಹಾಕ್ತೀಯ?"

"ಅನ್ನ ಎಲ್ಲೂ ಹೋಗಲ್ಲ ಮಾರಾಯ. ಅದರ ಗುಂಡಿ ಒತ್ತೋನು ನೀನೇ."

ಗುಂಡಿ ಒತ್ತುವವನು! ನಾನು, ಇವರೆಲ್ಲ ತೋಶಾ ಅನ್ನುವ ಸ್ವೆತೋಜಾರ್, ಈ ಸೈಲೋಗಳ ಹೊಟ್ಟೆಯೊಳಗಿನದನ್ನು ಹೊರಗೆ ನಿಂತೇ ಹೇಳುವವನು. ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಹಿಂದಿನಿಂದ ಕರೆಯಲೂ ಇಲ್ಲ ಅವನು.

ಅಕ್ಟೋಬರ್ 5, ಸೋಮವಾರ

ನೋವಿ ಸಾದ್‌ನಿಂದ ವೈಬ್ರೇಟರ್ ಹಾಕಲು ಬಂದವಳು ಒಬ್ಬ ಹೆಂಗಸು. ಸೆಂಕಾ ಅಂತ ಹೆಸರು. ಗಂಡಸರ ಮೇಲಂಗಿ, ಬಾಯಲ್ಲಿ ಸಿಗರೇಟು. ಬಂದವಳೇ ಆಲಿಕೆಯ ಮೇಲೆ ಅಂಗೈ ಆಡಿಸಿದಳು. ನನ್ನ ಸುತ್ತಿಗೆಯ ಏಟಿಗೆ ಅಲ್ಲೆಲ್ಲ ಗುಳಿ ಬಿದ್ದಿದೆ.

"ಇದನ್ನ ಯಾರು ಈ ಗತಿ ಮಾಡಿದ್ದು? ಒಂದೊಂದು ಗುಳೀನೂ ಒಳಗಡೆ ಉಬ್ಬು ಅಲ್ವಾ? ಹಿಂಡಿ ಅದಕ್ಕೇ ಕಚ್ಕೊಂಡು ನಿಲ್ಲುತ್ತೆ. ಬಡಿದೂ ಬಡಿದೂ ನೀವೇ ಕಟ್ಟಿ ಹಾಕಿದೀರ!"

ಎಲ್ಲರೂ ನನ್ನನ್ನು ನೋಡಿದರು. ಗಾವ್ರಿಲೊ ನೆಲ ನೋಡಿದ.  ಮುಖ ಸುಟ್ಟುಹೋದ ಹಾಗಾಯಿತು.

ಆಲಿಕೆಗೆ ಉಕ್ಕಿನ ಪಟ್ಟಿ ಬೆಸುಗೆ ಹಾಕಿ, ಅದರ ಮೇಲೆ ಮೋಟಾರು ಕೂರಿಸಿದಳು. ನೋಡಲು ಒಂದು ಕುಂಬಳಕಾಯಷ್ಟು. ಆಮೇಲೆ ನನ್ನ ಭುಜ ಹಿಡಿದು ತಿರುಗಿಸಿಕೊಂಡು ಪಾಠ ಮಾಡಿದಳು. "ಗೇಟು ತೆಗೆದಿರೋವಾಗ ಮಾತ್ರ ಒತ್ತಬೇಕು. ಗೇಟು ಮುಚ್ಚಿರೋವಾಗ ನಡುಗಿಸಿದ್ರೆ ಹಿಂಡಿ ಹೋಗೋಕೆ ದಾರಿ ಇಲ್ದೆ ಕೂತ್ಕೊಂಡು ಕೂತ್ಕೊಂಡು ಕಲ್ಲಾಗುತ್ತೆ. ಮೇಲಿನ ಕೋಣೆಯವರು ಗೇಟು ಮುಚ್ಚಿದ ತಕ್ಷಣ ಹಾರ್ನ್ ಹೊಡೆಯುತ್ತೆ. ಹಾರ್ನ್ ಕೇಳಿದ್ರೆ ಕೈ ತೆಗೀರಿ. ಅಷ್ಟೇ ಕೆಲಸ."

ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು.

ಅಕ್ಟೋಬರ್ 9, ಶುಕ್ರವಾರ

ಒಪ್ಪಿಕೊಳ್ಳಬೇಕು, ಕೆಲಸ ಮಾಡುತ್ತದೆ. ಒತ್ತಿದರೆ ಮುದುಕಿಯ ಮೈಯೆಲ್ಲ ಜುಮ್ಮೆನ್ನುತ್ತದೆ, ಹಿಂಡಿ ದಬದಬ ಇಳಿಯುತ್ತದೆ. ಲಾರಿ ಡ್ರೈವರುಗಳು ಚಪ್ಪಾಳೆ ತಟ್ಟಿದರು. ಒಬ್ಬ ನನ್ನ ಬೆನ್ನು ತಟ್ಟಿ ಅದೇನೋ ಅಂದು ನಕ್ಕ; ನಾನೂ ನಕ್ಕೆ.

ಆದರೆ ಈ ಜನರ ನಾಜೂಕು ನೋಡಬೇಕು! ಅದು ಶುರುವಾದರೆ ಎಲ್ಲರೂ ಕಿವಿ ಮುಚ್ಚಿಕೊಂಡು ಓಡುತ್ತಾರೆ. ಲ್ಯಾಬಿನ ರೂಜಾ ಕಿಟಕಿಯನ್ನೇ ಮುಚ್ಚಿಸಿಬಿಟ್ಟಳಂತೆ. ದುಂಬಿ ಗುಂಯ್ ಅಂದಷ್ಟು ಸದ್ದು ಅದು, ಅಷ್ಟೂ ಇಲ್ಲ. ನನಗೆ ಕೊಟ್ಟ ಕಿವಿಯ ಮುಚ್ಚಳವನ್ನು ಮೊಳೆಗೆ ನೇತುಹಾಕಿದ್ದೇನೆ. ಪಕ್ಕದ ಮೊಳೆಯಲ್ಲಿ ಸುತ್ತಿಗೆ.

ಅಕ್ಟೋಬರ್ 20, ಮಂಗಳವಾರ

ಮಳೆ. ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ಗಾವ್ರಿಲೊ ಜೊತೆ ಮಾತಿಲ್ಲ.

ನವೆಂಬರ್ 3, ಮಂಗಳವಾರ

ಹಾರ್ನ್ ಕೆಟ್ಟು ಒಂದು ವಾರವಾಯಿತು. ಒಮ್ಮೊಮ್ಮೆ ಸಣ್ಣಗೆ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಏಣಿ ಹತ್ತಿ ಇಳಿದು, ನನ್ನ ಮುಖ ನೋಡಿ, ಏನೂ ಹೇಳದೆ ಸೀದಾ ಗಾವ್ರಿಲೊ ಹತ್ತಿರ ಹೋದ. ಇಬ್ಬರೂ ಗುಸುಗುಸು ಮಾತಾಡಿದರು. ಈ ಕಾರ್ಖಾನೆಯಲ್ಲಿ ಈಗ ಎಲ್ಲವೂ ಗುಸುಗುಸು. ನಾನು ಹತ್ತಿರ ಹೋದರೆ ಬಾಯಿ ಆಡಿಸುತ್ತಾರೆ, ಮಾತು ಹೊರಗೆ ಬಿಡುವುದಿಲ್ಲ.

ಹಿತ್ತಲಿನ ವಾಲ್‌ನಟ್ ಮರಕ್ಕೆ ಈ ವರ್ಷ ಕಾಗೆಗಳೇ ಬಂದಿಲ್ಲ ಅಂದುಕೊಂಡಿದ್ದೆ. ಇವತ್ತು ತಲೆಯೆತ್ತಿ ನೋಡಿದರೆ ಕೊಂಬೆ ತುಂಬ ಇವೆ. ಕಾಗೆಗಳೂ ಬಾಯಿ ಮುಚ್ಚಿಕೊಂಡಿವೆ.

ನವೆಂಬರ್ 11, ಬುಧವಾರ

ಇವತ್ತು ಗಾವ್ರಿಲೊಗೆ ಬೈದೆ, ಎಲ್ಲರೆದುರು. ಮೊದಲು ಶುರು ಮಾಡಿದವನು ಅವನೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಎರಡೂ ಭುಜ ಹಿಡಿದು, ಕಿವಿಗೇ ಬಾಯಿಟ್ಟು ಕಿರುಚಿದ: "ತೋಶಾ, ನೋವಿ ಸಾದ್‌ಗೆ ಹೋಗಿ ಕಿವಿ ತೋರಿಸ್ಕೊಂಡು ಬಾ. ನಾನೇ ಬರ್ತೀನಿ ಜೊತೇಲಿ."

"ನನ್ ಕಿವಿಗೇನು ಬಂದಿದೆ ಧಾಡಿ? ನನ್ನ ಪಿಂಚಣಿಗೆ ದಬ್ಬೋ ಹುನ್ನಾರ ಇದು! ಮೊದ್ಲು ಸುತ್ತಿಗೆ ಕಿತ್ಕೊಂಡೆ, ಈಗ ಗುಂಡೀನೂ ಬೇಕಾ? ಆಮೇಲೆ ಏನು ಕಿತ್ಕೋತೀಯ, ಹೆಣದ ಮೇಲಿನ ಅಂಗೀನಾ?"

ಅವನು ಕೈ ಬಿಟ್ಟ. ಉಳಿದವರು ಶೂ ದಾರ ಕಟ್ಟುವ ನೆಪದಲ್ಲಿ ಬಗ್ಗಿದರು. ಕೂಮನಿಗೆ ಹಾಗೆ ಅನ್ನಬಾರದಿತ್ತು. ಆದರೆ ಅಂದದ್ದು ಅಂದಾಯಿತು. ಮೂವತ್ತು ವರ್ಷ ಈ ಕಿವಿಯ ಮೇಲೆ ಅವನ ಜೀವ ನಿಂತಿತ್ತಲ್ಲ, ಆಗ ಬೇಕಿತ್ತೇ ಡಾಕ್ಟರು?

ನವೆಂಬರ್ 16, ಸೋಮವಾರ

 ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಮುದುಕಿಯಿಂದ ಮೊದಲ ಲಾರಿ ತುಂಬಿತು. ಗೇಟು ಮುಚ್ಚಿದರಂತೆ. ಹಾರ್ನ್ ಹೊಡೆಯಲಿಲ್ಲ. ನಾನು ಗುಂಡಿ ಒತ್ತಿಕೊಂಡೇ ನಿಂತಿದ್ದೆ. ಗಾವ್ರಿಲೊ ಓಡಿ ಬಂದು ನನ್ನ ಕೈಯನ್ನು ಗುಂಡಿಯಿಂದ ಕಿತ್ತ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಎರಡನೇ ಲಾರಿಗೆ ಗೇಟು ತೆಗೆದರೆ ಸ್ವಲ್ಪ ಪುಡಿ ಉದುರಿ ನಿಂತುಹೋಯಿತು. ಒಳಗೆ ಹಿಂಡಿ ಕಲ್ಲಾಗಿತ್ತು. ಆಮೇಲೆ ವೈಬ್ರೇಟರ್ ಎಷ್ಟು ಓಡಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಸೆಂಕಾಳಿಗೆ ಫೋನು ಮಾಡಿದರೆ ನಾಳೆ ಬರುತ್ತೇನೆ ಎಂದಳಂತೆ. ಕೋಳಿ ಫಾರಂನವರು ನಾಳೆಯವರೆಗೆ ಕಾಯುವುದಿಲ್ಲ ಎಂದು ಡೈರೆಕ್ಟರ್ ಕುಣಿದಾಡಿದ. ಗಾವ್ರಿಲೊ ಸೊಂಟಕ್ಕೆ ಹಗ್ಗ ಸುತ್ತಿಕೊಂಡ. ಬೇರೆ ಯಾರನ್ನೂ ಇಳಿಸುವುದಿಲ್ಲ ಎಂದ.

ನಾನು ಹೋಗಿ ಮೊಳೆಯಿಂದ ಸುತ್ತಿಗೆ ತಂದೆ. ಯಾರೂ ಕೇಳಿರಲಿಲ್ಲ. ಆಲಿಕೆಯ ಸುತ್ತ ಬಡಿದೆ. ಎಲ್ಲ ಕಡೆಯೂ ದಪ್, ದಪ್. "ಭರ್ತಿ" ಎಂದೆ.  ಆಮೇಲೆ ಗಾವ್ರಿಲೊ ಮೇಲೆ ಹತ್ತಿ ತನ್ನ ಗುಂಡು ಇಳಿಬಿಟ್ಟು ಕುಟ್ಟಿದ. ಹೆಪ್ಪು ಅಲುಗಲಿಲ್ಲ. "ರಾಟೆ ನಾನು ಹಿಡೀತೀನಿ" ಎಂದೆ. ಬೇಡ ಅನ್ನಲು ಬಾಯಿ ತೆರೆದ, ಜನರೆಲ್ಲ ನಿಂತಿದ್ದರು, ಅನ್ನಲಿಲ್ಲ. ಹಗ್ಗ ಸಡಿಲ ಬಿಡು ಎಂದು ಕೈಸನ್ನೆ ಮಾಡಿ ಕಿಂಡಿಯೊಳಗೆ ಇಳಿದ. ಉಳಿದವರು ಲಾರಿಗಳ ಕಡೆ ಹೋದರು.

ರಾಟೆ ಇರುವುದು ಕಿಂಡಿಯಿಂದ ಈಚೆಗೆ, ಗೋಡೆಯ ಕಡೆ ಮುಖ ಮಾಡಿ. ಎಳಿ ಅಂದರೆ ಎಳೆಯಬೇಕು, ಬಿಡು ಅಂದರೆ ಬಿಡಬೇಕು. ರಾಟೆಯ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಕರೆಯಲಿ ಎಂದು ಕಾದೆ. ಕರೆಯಲಿಲ್ಲ. ಬಹಳ ಹೊತ್ತು ಕಾದೆ. ಆಮೇಲೆ ಮೆಟ್ಟಿಲ ಮೇಲೆ ರೂಜಾ ಕಾಣಿಸಿದಳು, ಬಾಯಿ ಅಷ್ಟಗಲ ತೆರೆದಿತ್ತು. ನನ್ನನ್ನು ತಳ್ಳಿ ತಾನೇ ರಾಟೆ ತಿರುಗಿಸತೊಡಗಿದಳು. ಆಗ ತಿರುಗಿ ನೋಡಿದೆ. ಕಿಂಡಿಯಿಂದ ಧೂಳು ಏಳುತ್ತಿತ್ತು.

ಹೆಪ್ಪಿನ ಕೆಳಗೆ ಟೊಳ್ಳಿತ್ತು. ಅದು ಕುಸಿದು ಗಾವ್ರಿಲೊ ಎದೆಯವರೆಗೆ ಹೂತುಹೋಗಿದ್ದ; ಗೋಡೆಯಿಂದ ಹಿಂಡಿಯ ಗಡ್ಡೆಯೊಂದು ಕಳಚಿ ಅವನ ಕಾಲ ಮೇಲೆ ಬಿದ್ದಿತ್ತು. ಹೊರಗೆ ತೆಗೆದಾಗ ಅವನ ಮುಖ ಮೂಗು ಎಲ್ಲ ಹಳದಿ ಹಿಂಡಿ. ಬದುಕಿದ್ದಾನೆ. ಆ್ಯಂಬುಲೆನ್ಸ್ ಬಂತು.

ಹೇಗೆ ಟೊಳ್ಳಾಯಿತು? ನಾನು ಬಡಿದೆನಲ್ಲ.

ನವೆಂಬರ್ 17

ಆ ವೈಬ್ರೇಟರ್ ಸುಡುಗಾಡಿಗೆ ಹೋಗಲಿ. ಅದು ಬರದಿದ್ದರೆ ಇದಾವುದೂ ಇಲ್ಲ.

ನವೆಂಬರ್ 24, ಮಂಗಳವಾರ

ಡೈರೆಕ್ಟರನ ಕೋಣೆಯಲ್ಲಿ ವಿಚಾರಣೆ. ಮೇಜಿನ ಆ ತುದಿಯಲ್ಲಿ ಕೂತು ಬಾಯಿ ಆಡಿಸಿದರು. ಮೂರು ಸಲ ಹೇಳಿಸಿಕೊಂಡ ಮೇಲೆ ಅರ್ಥವಾಯಿತು: ಗಾವ್ರಿಲೊ ಒಳಗಿನಿಂದ ಕೂಗಿದನಂತೆ. "ಎಳಿ ತೋಶಾ, ಎಳಿ" ಅಂತ ಮತ್ತೆ ಮತ್ತೆ ಕೂಗಿದನಂತೆ. ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿದ್ದಾನೆ. ರೂಜಾ ಕೂಡ ಹಾಗೆಯೇ ಹೇಳಿದಳು. ಅವಳು ಎರಡು ಮಹಡಿ ಕೆಳಗೆ ಲ್ಯಾಬಿನಲ್ಲಿದ್ದಳು, ಅವಳಿಗೆ ಕೇಳಿಸಿತಂತೆ!

"ಸುಳ್ಳು!" ಎಂದೆ. ಎದ್ದು ನಿಂತು ಮೇಜು ಗುದ್ದಿದೆ. "ನಾನು ರಾಟೆ ಪಕ್ಕದಲ್ಲೇ ನಿಂತಿದ್ದೆ. ಅವನು ಕೂಗಿದ್ರೆ ನಾನು ಎಳೀತಿರ್ಲಿಲ್ವಾ? ನನ್ ಕೂಮ ಅವನು! ಅವನು ಸಾಯ್ಲಿ ಅಂತ ನಾನು ಸುಮ್ನೆ ನಿಂತ್ಕೋತೀನಾ?"

ಯಾರೂ ಉತ್ತರ ಕೊಡಲಿಲ್ಲ, ಅಥವಾ ಕೊಟ್ಟರೋ ಏನೋ. ನನ್ನನ್ನು ರಜೆಯ ಮೇಲೆ ಕಳಿಸಿದ್ದಾರೆ.

ಕಾಲು ಮುರಿದದ್ದಕ್ಕೆ ನನಗೂ ಸಂಕಟ ಇದೆ. ಆದರೆ ಸುಳ್ಳು ಹೇಳಿದನಲ್ಲ. ಬೈದದ್ದಕ್ಕೆ ಸೇಡು ತೀರಿಸಿಕೊಂಡ. ಊರಿನ ಬಾಯಲ್ಲಿ ಈಗ ನಾನು ಕೂಮನನ್ನು ಸಾಯಲು ಬಿಟ್ಟವನು.

ಡಿಸೆಂಬರ್ 6, ಭಾನುವಾರ

ಚರ್ಚಿಗೆ ತಡವಾಗಿ ಹೋದೆ. ಗಂಟೆ ಹೊಡೆಯದಿದ್ದರೆ ಹೊತ್ತು ಗೊತ್ತಾಗುವುದು ಹೇಗೆ? ಹೊಸ ಪಾದ್ರಿ ಶುದ್ಧ ಸೋಮಾರಿ. ಜನ ದಾರಿ ಬಿಟ್ಟು ನಿಂತರು, ನನಗೆ ಪಕ್ಕದಲ್ಲಿ ಜಾಗ ಬಿಟ್ಟು ಕೂತರು.

ಗಾವ್ರಿಲೊ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆಂದು ತಿಳಿಯಿತು. ಅವನ ಬೀದಿಯ ತುದಿಯವರೆಗೆ ಹೋಗಿದ್ದೆ. ಹಾಗೇ ವಾಪಸು ಬಂದೆ. ಸುಳ್ಳು ಹೇಳಿದವನು ಅವನು, ಮೊದಲು ಬರಬೇಕಾದವನೂ ಅವನೇ.

ಡಿಸೆಂಬರ್ 18, ಶುಕ್ರವಾರ

ನಾಳೆ ಸಂತ ನಿಕೋಲಾನ ದಿನ, ನಮ್ಮ ಮನೆತನದ ಹಬ್ಬ. ತೀಸಾದ ಮೀನುಗಾರನಿಂದ ಒಂದು ದೊಡ್ಡ ಕಾರ್ಪ್ ಮೀನು ತಂದು ಕೊಯ್ದಿಟ್ಟೆ. ಗೋಧಿ ಬೇಯಿಸಿ, ರುಬ್ಬಿ, ಸಕ್ಕರೆ ಬೆರೆಸಿದೆ. ಡೆಸಾಂಕಾ ಮಾಡಿದ ಹಾಗಂತೂ ಆಗಲಿಲ್ಲ. ಹಬ್ಬದ ರೊಟ್ಟಿ ನನ್ನ ಕೈಲಾಗುವುದಿಲ್ಲ. ಯೋಚಿಸುತ್ತ ತಿರುಗಿದರೆ ಅಡುಗೆಮನೆಯ ನಡುವೆಯೇ ರೂಜಾ ನಿಂತಿದ್ದಾಳೆ!  ನನ್ನ ಪಕ್ಕದ ಮನೆಯವಳೇ ಅವಳು. ವಿಚಾರಣೆಯ ಮೇಲೆ ನಾನವಳನ್ನು ಮಾತಾಡಿಸಿಲ್ಲ. ರೊಟ್ಟಿ ಮಾಡಿ ತಂದಿದ್ದಳು.

"ಕಳ್ಳಬೆಕ್ಕಿನ ಹಾಗೆ ಬರ್ತೀಯಲ್ಲೇ! ಬಾಗಿಲು ತಟ್ಟೋಕೆ ಏನು?"

ಅವಳ ಕಣ್ಣಲ್ಲಿ ನೀರು ಬಂತು. ನನ್ನ ತೋಳು ಹಿಡಿದು ಜೋರಾಗಿ ಹೇಳಿದಳು, ತುಟಿ ನೋಡಿ ಅರ್ಧ ತಿಳಿಯಿತು: "ತಟ್ಟಿದೆ ತೋಶಾ ಮಾಮ. ಎಷ್ಟೊಂದ್ ಸಲ ತಟ್ಟಿದೆ."

ಇವಳಿಗೂ ಸುಳ್ಳು ಅಭ್ಯಾಸವಾಗಿದೆ. ಆದರೆ ರೊಟ್ಟಿ ಚೆನ್ನಾಗಿದೆ, ಮೇಲೆ ಹಿಟ್ಟಿನ ಹಕ್ಕಿ ಮಾಡಿ ಕೂರಿಸಿದ್ದಾಳೆ. ನಾಳೆ ಅವಳು ಅಕ್ಕನ ಮನೆಗೆ ಹೋಗಬೇಕಂತೆ. ಹೋಗಲಿ.

ಡಿಸೆಂಬರ್ 19, ಶನಿವಾರ

ಬೆಳಿಗ್ಗೆ ಪಾದ್ರಿ ಬಂದು ರೊಟ್ಟಿ ಹರಸಿ ಹೋದರು. ಮೇಣದ ಬತ್ತಿ ಹಚ್ಚಿದೆ. ಮೀನಿನ ಸಾರು ಒಲೆಯ ಮೂಲೆಯಲ್ಲಿ ಬೆಚ್ಚಗಿಟ್ಟೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು ಅಗುಳಿ ಹಾಕಿದೆ. ಹೊರಗೆ ದಪ್ಪ ಹಿಮ ಬೀಳುತ್ತಿತ್ತು, ಮಧ್ಯಾಹ್ನಕ್ಕೆ ನಿಂತಿತು.

ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರುವವರು ತಾವಾಗಿ ಬರಬೇಕು. ಮದುವೆಯಾದಾಗಿನಿಂದ ಗಾವ್ರಿಲೊ ಒಂದು ವರ್ಷವೂ ತಪ್ಪಿಸಿಲ್ಲ; ಒಮ್ಮೆ ಜ್ವರದಲ್ಲಿ ಕಂಬಳಿ ಹೊದ್ದುಕೊಂಡೇ ಬಂದಿದ್ದ. ಎರಡು ತಟ್ಟೆ ಇಟ್ಟೆ. ಬಂದರೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡೆ. "ಬಾ ಕೂಮ, ಕೂತ್ಕೋ" ಅಂತ ಅಷ್ಟೇ. ಅವನು ಕೂಗಿದ್ದು ಸುಳ್ಳೋ ನಿಜವೋ ಎಂಬ ಮಾತನ್ನು ಇವತ್ತು ಎತ್ತುವುದೇ ಬೇಡ.

ಒಲೆಯ ಕಡೆ ಮುಖ ಮಾಡಿ ಕೂತೆ. ಬೆನ್ನಿಗೆ ಕಿಟಕಿ. ಕತ್ತಲಾಗುವವರೆಗೆ ಕಿವಿ ಬಾಗಿಲ ಮೇಲೇ ಇತ್ತು. ಯಾರೂ ತಟ್ಟಲಿಲ್ಲ.

ಬರಲಿಲ್ಲ ಅವನು. ಅಲ್ಲಿಗೆ ಮುಗಿಯಿತು. ಎರಡನೇ ತಟ್ಟೆ ತೆಗೆದು ಒಳಗಿಟ್ಟೆ. ಮುದುಕರು ಅಳಬಾರದು, ಆದರೂ ಅತ್ತುಬಿಟ್ಟೆ. ಬತ್ತಿಯನ್ನು ಆರಿಸಿದೆ.

ಡಿಸೆಂಬರ್ 20, ಭಾನುವಾರ

ಬೆಳಿಗ್ಗೆ ಸೌದೆ ತರಲು ಬಾಗಿಲು ತೆಗೆದೆ. ಹೊಸ್ತಿಲ ಪಕ್ಕದಲ್ಲಿ ಅರ್ಧ ಹಿಮದಲ್ಲಿ ಹುಗಿದ ಒಂದು ಬಾಟಲಿ. ಸೀಮೆದಾಳಿಂಬೆಯಿಂದ ಮನೆಯಲ್ಲೇ ಇಳಿಸಿದ ಸಾರಾಯಿ, ರಾಕಿಯಾ; ಅದಕ್ಕೆ ಮೆಕ್ಕೆಜೋಳದ ದಿಂಡಿನ ಬಿರಡೆ. ಊರಲ್ಲಿ ಹಾಗೆ ಬಿರಡೆ ಹಾಕುವವನು ಒಬ್ಬನೇ.

ಹಿಮದ ಮೇಲೆ ಬೀದಿಯಿಂದ ನನ್ನ ಬಾಗಿಲವರೆಗೆ ಒಂಟಿ ಬೂಟಿನ ಗುರುತು. ಒಂದು ಕಾಲಿನದು ಮಾತ್ರ. ಅದರ ಎರಡೂ ಬದಿಗೆ ಊರುಗೋಲು ಊರಿದ ದುಂಡನೆಯ ತೂತುಗಳು. ಬಾಗಿಲ ಮುಂದೆ ಹಿಮವೆಲ್ಲ ತುಳಿದು ಕೆಸರಾಗಿದೆ. ಬಹಳ ಹೊತ್ತು ನಿಂತಿದ್ದಾನೆ. ಅಲ್ಲಿಂದ ಗುರುತು ಕಿಟಕಿಯ ಕೆಳಗೆ ಹೋಗಿದೆ. ಅಲ್ಲಿಯೂ ನಿಂತಿದ್ದಾನೆ. ಗಾಜಿನ ಮೇಲೆ ಐದು ಬೆರಳಿನ ಗುರುತು. ಒಳಗೆ ದೀಪ, ಊಟದ ಮೇಜು, ತನಗೆ ಬೆನ್ನು ಮಾಡಿ ಕೂತ ನಾನು, ಎಲ್ಲ ಕಂಡಿರಬೇಕು. ಗಾಜು ತಟ್ಟಿಯೂ ತಟ್ಟಿರಬೇಕು. ನಾನು ತಿರುಗಲಿಲ್ಲ. ಆಮೇಲೆ ಗುರುತು ಬೀದಿಗೆ ವಾಪಸು ಹೋಗಿದೆ.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಗೆಣ್ಣಿನಿಂದ ಬಾಗಿಲು ತಟ್ಟಿದೆ. ಇನ್ನೂ ಜೋರಾಗಿ ತಟ್ಟಿದೆ. ಸೌದೆ ಹಿಡಿದು ಬಡಿದೆ. ಕೈಗೆ ಏಟಾಯಿತು, ಚರ್ಮ ಸುಲಿಯಿತು. ಸದ್ದು ಇಲ್ಲ.

ಹಾಗಾದರೆ ಆವತ್ತು ಅವನು ಕೂಗಿದ್ದ. ನನ್ನ ಹೆಸರು ಹಿಡಿದು ಕೂಗಿದ್ದ, ನಾನು ಗೋಡೆ ನೋಡುತ್ತ ನಿಂತಿದ್ದೆ. ಹಾರ್ನ್ ಕೂಡ ಕೆಟ್ಟಿರಲಿಲ್ಲ. ದೇವರೇ, ಬೇಸಿಗೆಯಿಂದ ಅವನು ಆ ಕಬ್ಬಿಣದ ಗುಂಡು ಕುಟ್ಟುತ್ತಿದ್ದನಲ್ಲ. ಆಗಲೇ ಗೊತ್ತಿತ್ತು ಅವನಿಗೆ. ಯಾರಿಗೂ ಹೇಳಲಿಲ್ಲ, ಹೋಗಿ ವೈಬ್ರೇಟರ್ ಕೇಳಿದ.

ರೊಟ್ಟಿಯ ಅರ್ಧವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೇನೆ. ಬಾಟಲಿಯನ್ನೂ ತೆಗೆದುಕೊಂಡಿದ್ದೇನೆ. ಈಗ ಅವನ ಮನೆಗೆ ಹೋಗುತ್ತೇನೆ, ಬಾಗಿಲು ತಟ್ಟುತ್ತೇನೆ. ಒಳಗಿನಿಂದ "ಬಾ" ಅಂದರೂ, "ಹೋಗು" ಅಂದರೂ ನನಗೆ ಕೇಳಿಸುವುದಿಲ್ಲ. ಅವನೇ ಎದ್ದು ಬಂದು ತೆಗೆಯುವವರೆಗೂ ನಿಂತಿರುತ್ತೇನೆ. ಊರುಗೋಲಿನಲ್ಲಿ ಬರಲು ಹೊತ್ತಾಗುತ್ತದೆ. ಆಗಲಿ.